ವಾಪಸ್ ಹೋದ ಬಾಡಿಗೆ ಗಾಡಿ

ಬೆಳೆ ಮುಗಿದು ಕಾಲುವೆಯ ನೀರು ಬಂದಾದ ಮೇಲೆ ಸಿಂಧನೂರಿನಿಂದ ಮುರ್ಡೇಶ್ವರಕ್ಕೆ ಹೋಗುವುದು ನಮ್ಮ ಮನೆಯ ರೂಢಿಯಾಗಿತ್ತು. ಅವ್ವ ಸೀರೆ ಎತ್ತಿಕಟ್ಟಿ ಅಲೆಯಲ್ಲಿ ನಿಲ್ಲುತ್ತಿದ್ದಳು. ನಾವು ಮರಳಲ್ಲಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅದು ನಿಂತಿತು.

ಈ ವರ್ಷ ಅವ್ವನೇ ಕೇಳಿದಳು: "ಕಾಲು ನಡಿಯೂತನಾ ಒಮ್ಮೆ ಕರಕೊಂಡು ಹೋಗ್ರಪಾ."

ಗೊತ್ತು ಮಾಡಿದ್ದ ಬಾಡಿಗೆ ಗಾಡಿ ಬಾಗಿಲಿಗೆ ಬಂತು. ಅಣ್ಣ ಅದನ್ನು ವಾಪಸ್ ಕಳಿಸಿಬಿಟ್ಟ. ಕಾಲುವೆ ಇನ್ನೊಂದು ವಾರ ಹರಿಯುತ್ತದಂತೆ, ಅವನು ಭತ್ತಕ್ಕೆ ನೀರು ಕಟ್ಟಬೇಕಂತೆ.

"ನೀರು ನೋಡಬೇಕಂದ್ರ ಇಲ್ಲೇ ಗೊರೇಬಾಳ ಕಾಲುವಿಗೆ ಹೋಗಬೇ," ಎಂದು ಅವ್ವನ ಮುಂದೆ ನಕ್ಕ.

"ಹೊಲಕ್ಕ ನೀ ಒಬ್ಬಾವ ಸಾಕು. ಅವ್ವನ್ನ್ಯಾಕ ತಡೀತಿ?" ಎಂದೆ. ರೊಟ್ಟಿಯ ಗಂಟು ಹಿಡಿದು ಅವ್ವನನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ.

ಬಸ್ಸು ಊರು ದಾಟುವಾಗ ಅಣ್ಣನ ಫೋನ್ ಬಂತು.

"ಎತ್ತಬ್ಯಾಡ," ಎಂದಳು ಅವ್ವ.