ಏಳನ್ನು ಇಷ್ಟಪಟ್ಟ ಬೀದಿ

ಪ್ರಾಥಮಿಕ ಶಾಲೆಯ ಗಣಿತವೆಂದರೆ ಮಗ್ಗಿ, ಮಗ್ಗಿಯೆಂದರೆ ಬೆತ್ತ ಎಂದು ಒಂದು ತಲೆಮಾರು ನಂಬಿಕೊಂಡಿದ್ದ ಕಾಲದಲ್ಲಿ, ಮಕ್ಕಳ ಕೈಗೆ ಅಳತೆಗೋಲನ್ನೂ ಬಕೆಟ್ಟನ್ನೂ ಕೊಟ್ಟು ಗಣಿತವನ್ನು ಅಂಗಳಕ್ಕೆ ಇಳಿಸಿದ ಕೆಲವೇ ಶಿಕ್ಷಕರಲ್ಲಿ ನಮ್ಮ ಗಣಿತದ ಮೇಡಂ ಅವರು ಅಗ್ರಗಣ್ಯರು. ಮೂವತ್ತಾರು ವರ್ಷಗಳ ಸೇವೆಯನ್ನು ಪೂರೈಸಿ ಅವರು ಬರುವ ತಿಂಗಳು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಶಿಷ್ಯರೂ ಸಹೋದ್ಯೋಗಿಗಳೂ ಸೇರಿ ತರುತ್ತಿರುವ ಸಂಪುಟದಲ್ಲಿ ನನ್ನಂಥವನಿಗೂ ನಾಲ್ಕು ಪುಟ ಸಿಕ್ಕಿರುವುದು ನನ್ನ ಭಾಗ್ಯ. ನಾನು ಅವರ ಸಹೋದ್ಯೋಗಿಯಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಶಿಷ್ಯನೂ ಅಲ್ಲ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದವನು. ಎಂಟನೇ ತರಗತಿಗೆ ಶಾಲೆ ಬಿಟ್ಟು, ಅಂಗಡಿಯ ಬೋರ್ಡು, ಪೊಟ್ಟಣ ಕಟ್ಟಿದ ಕಾಗದ ಓದಿ ಓದಿಯೇ ಬರವಣಿಗೆ ಕಲಿತವನು. ವಾಕ್ಯ ಎಲ್ಲಾದರೂ ಕುಂಟಿದರೆ ಸಂಪಾದಕರು ಕೈಹಿಡಿದು ದಾಟಿಸಬೇಕು.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು ‘ಎಷ್ಟು ಮೇಡಂ’. ಮಗು ಅಳುತ್ತಾ ಬಂದು ಹೊಟ್ಟೆ ನೋವೆಂದರೂ, ಮುಖ್ಯೋಪಾಧ್ಯಾಯರು ಹುಳ ಬಿದ್ದ ಹಲ್ಲು ಹಿಡಿದುಕೊಂಡು ಬಂದರೂ, ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು “ಎಷ್ಟು?” ಎಂಬುದೇ. ಆ ಒಂದು ಪದವನ್ನು ಅವರು ಹತ್ತು ರಾಗದಲ್ಲಿ ಹೇಳಬಲ್ಲರು. ಗದರಿಕೆಗೂ ಅದೇ, ಸಂತೈಸುವಿಕೆಗೂ ಅದೇ.

ಆ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ಆರನೆಯ ವರ್ಷದಲ್ಲಿ. ಶಾಲೆಯ ನಲ್ಲಿಕಟ್ಟೆಯ ಪಕ್ಕದಲ್ಲಿ ಮೊಣಕಾಲೂರಿ, ಮೀಟರ್ ಗುಂಡಿಯ ಮುಚ್ಚಳ ಎತ್ತಿ, ಗಾಜು ಒರೆಸಿ ಅಂಕಿ ಬರೆದುಕೊಳ್ಳುತ್ತಿದ್ದೆ. ಹಿಂದೆ ಇಡೀ ಐದನೇ ತರಗತಿ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

“ಈ ತಿಂಗಳು ಎಷ್ಟು?”

“ಇಪ್ಪತ್ತೆರಡು ಯೂನಿಟ್ ಮೇಡಂ.”

“ಒಂದು ಯೂನಿಟ್ ಅಂದ್ರೆ?”

“ಸಾವಿರ ಲೀಟರ್.”

“ಅದು ಪುಸ್ತಕದಲ್ಲೂ ಇದೆ. ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಕೈಯಲ್ಲಿ ತೋರಿಸಿ ನೋಡೋಣ.”

ನಾನು ಎರಡೂ ಕೈ ಚಾಚಿದೆ. ಸಾಲದೆನಿಸಿ ಇನ್ನಷ್ಟು ಚಾಚಿದೆ. ಕೊನೆಗೆ ಕೈ ಕೆಳಗಿಳಿಸಿದೆ. ಆರು ವರ್ಷ ದಿನಕ್ಕೆ ನೂರು ಮನೆಯ ಯೂನಿಟ್ ಬರೆದವನಿಗೆ ಒಂದು ಯೂನಿಟ್ಟಿನ ಗಾತ್ರ ಗೊತ್ತಿರಲಿಲ್ಲ. ಮಕ್ಕಳು ನಕ್ಕರು, ಮೇಡಂ ನಗಲಿಲ್ಲ. “ನಾಳೆ ಬನ್ನಿ, ನಮಗೂ ಸರಿಯಾಗಿ ಗೊತ್ತಿಲ್ಲ, ಒಟ್ಟಿಗೇ ನೋಡೋಣ” ಎಂದರು. ಅವರಿಗೆ ಗೊತ್ತಿತ್ತೆಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ನನ್ನ ಮಾನ ಕಾಯಲು ಆ ‘ನಮಗೂ’ ಸೇರಿತ್ತು.

ಮರುದಿನ ಮೀಟರುದ್ದದ ಹನ್ನೆರಡು ಕೋಲುಗಳನ್ನು ದಾರದಿಂದ ಕಟ್ಟಿ, ಐದು ಬದಿಗೆ ಹಳೆಯ ಪತ್ರಿಕೆ ಅಂಟಿಸಿ ತರಗತಿಯ ನಡುವೆ ಒಂದು ಘನ ಮೀಟರ್ ನಿಲ್ಲಿಸಿದ್ದರು. ಅದರೊಳಗೆ ಮಕ್ಕಳು ಒಬ್ಬೊಬ್ಬರಾಗಿ ನುಸುಳಿ, ಮಡಚಿಕೊಂಡು, ಒಬ್ಬರ ಮೇಲೊಬ್ಬರು ಕುಳಿತು, ಒಂಬತ್ತು ಜನ ಹಿಡಿದರು. ಹತ್ತನೆಯವಳ ಕಾಲು ಹೊರಗೇ ಉಳಿಯಿತು. ಒಳಗಿನಿಂದ ಯಾರೋ “ಮೇಡಂ, ಇವನು ಲೀಟರ್ ಜಾಸ್ತಿ ಇದ್ದಾನೆ!” ಎಂದು ಕಿರುಚಿದ. ಅಂದಿನಿಂದ ಮೀಟರಿನಲ್ಲಿ ಒಂದು ಅಂಕಿ ಸರಿದಾಗಲೆಲ್ಲ ನನ್ನ ಕಣ್ಣಿಗೆ ಕಾಣುವುದು ಆ ಒಂಬತ್ತು ತಲೆಗಳೇ.

ಹೀಗೆ ನಾನು ಅವರ ತರಗತಿಯ ‘ಮೀಟರ್ ಮಾಮ’ನಾದೆ. ಶಾಲೆಯ ಗಂಟೆ ಹೊಡೆದಾಗೊಮ್ಮೆ, ಬಿಟ್ಟಾಗೊಮ್ಮೆ ಮಕ್ಕಳೇ ಮೀಟರ್ ಓದಿ ಗೋಡೆಯ ದೊಡ್ಡ ಚೌಕುಳಿ ಹಾಳೆಯಲ್ಲಿ ಚುಕ್ಕೆಯಿಟ್ಟು ಗೆರೆ ಎಳೆಯುತ್ತಿದ್ದರು. ಎರಡನೆಯ ವಾರ ಆ ಗೆರೆ ಭಾನುವಾರವೂ ಮೇಲೇರಿತು. “ರಜೆಯಲ್ಲಿ ನೀರು ಕುಡಿದೋರು ಯಾರು?” ಎಂದು ಮೇಡಂ ಕೇಳಿದರು. ಮಕ್ಕಳು ಶಾಲೆಯೆಲ್ಲ ಹುಡುಕಿ, ಶೌಚಾಲಯದ ಗೋಡೆಯೊಳಗೆ ಸೋರುತ್ತಿದ್ದ ಕೊಳವೆಯನ್ನು ಪ್ಲಂಬರಿಗಿಂತ ಮೊದಲೇ ಪತ್ತೆ ಹಚ್ಚಿದರು. ಗ್ರಾಫ್ ಎಂಬುದು ಚಾಡಿ ಹೇಳುವುದರಲ್ಲಿ ನೆರೆಮನೆಯವರನ್ನೂ ಮೀರಿಸುತ್ತದೆ ಎಂಬುದು ನನಗೆ ಅಂದೇ ತಿಳಿಯಬೇಕಿತ್ತು.

ತಿಳಿಯಲಿಲ್ಲ. ಅವರ ಅಭಿನಂದನೆಯ ಪುಟದಲ್ಲಿ ನನ್ನ ತಪ್ಪನ್ನು ಬರೆಯುವುದು ಸರಿಯೇ ಎಂದು ಯೋಚಿಸಿದ್ದುಂಟು. ಅದನ್ನು ಬಿಟ್ಟರೆ ಅವರ ಉಪಕಾರವನ್ನೂ ಬಿಡಬೇಕಾಗುತ್ತದೆ.

ಅದರ ಮರುವರ್ಷ ಒಂದು ಮೀಟರ್ ಗುಂಡಿಯಲ್ಲಿ ಕಾಲು ಸಿಕ್ಕಿ ನನ್ನ ಪಾದ ಉಳುಕಿ ಬಾತುಕೊಂಡಿತು. ನಾನು ಪ್ರತಿ ತಿಂಗಳು ಸುತ್ತುವ ಹನ್ನೆರಡು ಬೀದಿಗಳಲ್ಲಿ ಹನ್ನೊಂದು ಸಮತಟ್ಟು. ಅಲ್ಲಿ ಕುಂಟಿಕೊಂಡೇ ಓಡಾಡಿದೆ. ಹನ್ನೆರಡನೆಯದು ಮೆಟ್ಟಿಲು ಬೀದಿ. ಅರವತ್ತನಾಲ್ಕು ಮನೆ, ನೂರಾ ಇಪ್ಪತ್ತು ಮೆಟ್ಟಿಲು. ರಜೆ ಕೇಳಿದರೆ ಸುತ್ತು ಬೇರೆಯವರ ಪಾಲಾದೀತೆಂದು ಹೆದರಿ, ಮೂರು ತಿಂಗಳು ಆ ಬೀದಿಯ ಅಂಕಿಗಳನ್ನು ಮನೆಯಲ್ಲಿ ಕುಳಿತೇ ಬರೆದೆ. ಹಿಂದಿನ ತಿಂಗಳ ಅಂಕಿಗೆ ಇಷ್ಟು ಸೇರಿಸುವುದು, ಕೊನೆಯ ಅಂಕಿ ಮನಸ್ಸಿಗೆ ತೋಚಿದ್ದು. ತೋಚದಿದ್ದಾಗ ಹೆಂಡತಿಯನ್ನು ಕೇಳುತ್ತಿದ್ದೆ. ಅವಳು ಒಗ್ಗರಣೆಯ ಸದ್ದಿನ ನಡುವೆಯೇ “ಏಳು ಹಾಕಿ!” ಎಂದು ಕೂಗುತ್ತಿದ್ದಳು. “ಎಷ್ಟು ಸಲನೇ ಏಳು?” ಎಂದರೆ “ಹಾಗಾದ್ರೆ ಮೂರು ಹಾಕಿ, ನನ್ನ ತಲೆ ತಿನ್ಬೇಡಿ” ಎನ್ನುತ್ತಿದ್ದಳು. ಕಾಲು ವಾಸಿಯಾದ ಮೇಲೆ ನಾಲ್ಕನೆಯ ತಿಂಗಳು ಹೋಗಿ ನಿಜವಾದ ಅಂಕಿ ಬರೆದೆ. ಲೆಕ್ಕ ತಾನಾಗಿಯೇ ಸರಿಹೋಯಿತು ಎಂದುಕೊಂಡೆ.

ಆದರೆ ಆ ಬೀದಿಯ ನಡುಮೆಟ್ಟಿಲಲ್ಲಿ, ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ದಿನವಿಡೀ ಕೂರುವ ಒಬ್ಬ ಹಿರಿಯ ದರ್ಜಿಯಿದ್ದರು. ಅವರು ನಮ್ಮ ಕಚೇರಿಗೆ ಪತ್ರ ಬರೆದರು: ಮೂರು ತಿಂಗಳು ಇಲ್ಲಿ ಯಾರೂ ಮುಚ್ಚಳ ಎತ್ತಿಲ್ಲ. ಎಂಜಿನಿಯರ್ ನನ್ನನ್ನು ಕರೆದು ನೋಟೀಸು ಕೊಟ್ಟು, “ಒಂದು ಬೀದಿ ಹೀಗೆ ಅಂದ್ರೆ ಇಡೀ ಪುಸ್ತಕಾನೇ ಮನೇಲಿ ಬರ್ದಿದ್ದೀಯ ಅಂತ ಅಲ್ವೇನಯ್ಯ? ಹತ್ತು ದಿನದಲ್ಲಿ ಉತ್ತರ ಕೊಡು. ಇಲ್ಲಾಂದ್ರೆ ಕೆಲಸ ಬಿಡು” ಎಂದರು.

ಶಾಲೆಯ ಮೀಟರ್ ಓದಲು ಹೋದಾಗ ಮೇಡಂ ನನ್ನ ಮುಖ ನೋಡಿ “ಎಷ್ಟು?” ಎಂದರು. ನೋಟೀಸು ತೋರಿಸಿದೆ. “ನೀವು ಎಲ್ಲಾ ಮನೆಗೂ ಹೋಗಿದ್ರಾ?” ಎಂದು ಕೇಳಿದರು. “ಎಲ್ಲಾ ಮನೆಗೂ ಹೋಗಿದ್ದೆ ಮೇಡಂ” ಎಂದೆ. ಕೆಲಸ ಹೋಗುವ ಭಯದಲ್ಲಿ ನನ್ನನ್ನು ನಂಬಿದ್ದ ಒಬ್ಬರಿಗೂ ಸುಳ್ಳು ಹೇಳಿದೆ.

“ಹಾಗಿದ್ರೆ ಮಕ್ಕಳು ತೋರಿಸಿಕೊಡ್ತಾರೆ. ಪುಸ್ತಕ ತನ್ನಿ. ಯಾರ ಮನೆ ಅಂತ ಬೇಡ, ಪೂರ್ತಿ ಅಂಕಿಯೂ ಬೇಡ. ಬೀದಿವಾರು ಕೊನೆಯ ಒಂದೊಂದು ಅಂಕಿ ಓದಿ ಹೇಳಿ, ಸಾಕು.”

ಕೊನೆಯ ಅಂಕಿ ಯಾರಿಗೆ ಏನು ಹೇಳೀತು ಎಂದು ನಾನು ಧೈರ್ಯವಾಗಿಯೇ ಒಪ್ಪಿದೆ.

ಮೊದಲು ಅವರು ಒಂದು ಡಬ್ಬಿಯಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಚೀಟಿ ಹಾಕಿ, ಕುಲುಕಿ ಎತ್ತಿ ಮತ್ತೆ ಒಳಗೆ ಹಾಕುತ್ತ ಇನ್ನೂರು ಸಲ ಎತ್ತಿಸಿದರು. ಪ್ರತಿ ಅಂಕಿಯೂ ಇಪ್ಪತ್ತರ ಆಸುಪಾಸಿನಲ್ಲಿ ಬಂತು. ಒಂದು ಹದಿನೇಳು, ಒಂದು ಇಪ್ಪತ್ತಮೂರು. “ಎಲ್ಲಾ ಸರಿಸಮ ಬಂದ್ರೆ ಅನುಮಾನ ಪಡಿ. ಇಷ್ಟು ಏರುಪೇರು ಇದ್ರೆ ನಂಬಿ. ಮೀಟರ್ ನೋಡಿ ಬರೆದ ಕೊನೆಯ ಅಂಕಿಗಳೂ ಹೀಗೇ ಬರ್ಬೇಕು” ಎಂದರು. ಬಳಿಕ ನಾನು ಓದುತ್ತ ಹೋದೆ, ಮಕ್ಕಳು ಕಂಬಗಳಿಗೆ ಬಣ್ಣ ತುಂಬುತ್ತ ಹೋದರು. ಹನ್ನೊಂದು ಬೀದಿಯ ಹನ್ನೊಂದು ಹಾಳೆಗಳೂ ಡಬ್ಬಿಯ ಹಾಳೆಯ ಅಣ್ಣತಮ್ಮಂದಿರಂತೆ ಬಂದವು. ಮಕ್ಕಳು “ಮಾಮ ಪಾಸ್! ಮಾಮ ಪಾಸ್!” ಎಂದು ಮೇಜು ಕುಟ್ಟಿದರು.

ಹನ್ನೆರಡನೆಯದರಲ್ಲಿ ಓದುತ್ತ ಓದುತ್ತ ನನ್ನ ನಾಲಿಗೆಯೇ ನನಗೆ ಕೇಳತೊಡಗಿತು. ಏಳು. ಮೂರು. ಏಳು. ಏಳು. ಅರವತ್ತನಾಲ್ಕು ಮನೆಯ ಮೂರು ತಿಂಗಳ ನೂರಾ ತೊಂಬತ್ತೆರಡು ಅಂಕಿಗಳಲ್ಲಿ ಏಳು ಐವತ್ತೊಂದು ಸಲ, ಮೂರು ಮೂವತ್ತೆಂಟು ಸಲ, ಸೊನ್ನೆ ನಾಲ್ಕೇ ಸಲ. ಏಳರ ಕಂಬ ಹಾಳೆಯ ಅಂಚು ದಾಟಿತು. ಇನ್ನೊಂದು ತುಂಡು ಕಾಗದ ಅಂಟಿಸಬೇಕಾಯಿತು. ಬಣ್ಣ ತುಂಬಿದ ಹುಡುಗಿ ಎದ್ದು ನಿಂತು, “ಮೇಡಂ, ಈ ಬೀದಿಯವರಿಗೆ ಏಳು ಅಂದ್ರೆ ತುಂಬಾ ಇಷ್ಟ ಅನ್ಸುತ್ತೆ” ಎಂದಳು. ತರಗತಿಯ ಪದ್ಧತಿಯಂತೆ ಪ್ರತಿ ಗ್ರಾಫಿನ ಕೆಳಗೂ ‘ನಮಗೆ ತಿಳಿದದ್ದು’ ಎಂದು ಒಂದು ಸಾಲು ಬರೆಯಬೇಕಿತ್ತು. ಅವಳು ದುಂಡಗೆ ಬರೆದಳು: ಈ ಬೀದಿಯವರು ಏಳನ್ನು ಇಷ್ಟಪಡುತ್ತಾರೆ.

ಮೇಡಂ ಮಕ್ಕಳನ್ನು ಆಟಕ್ಕೆ ಬಿಟ್ಟರು. ಬಾಗಿಲು ಮುಚ್ಚಲಿಲ್ಲ, ದನಿ ಏರಿಸಲಿಲ್ಲ.

“ಕಾಲು ನೋವಿತ್ತು ಮೇಡಂ” ಎಂದೆ.

“ಕಾಲು ನೋವು ಅಂತಲೇ ಬರೀಬಹುದಿತ್ತು. ನೀವು ಏಳು ಅಂತ ಬರೆದ್ರಿ.”

“ಹನ್ನೊಂದು ಬೀದಿ ಸತ್ಯ ಇದೆಯಲ್ಲ ಮೇಡಂ. ಅದಷ್ಟನ್ನೇ ಆಫೀಸಿಗೆ ಕೊಟ್ರೆ...”

“ಕೊಡಬಹುದು. ನಿಮ್ಮ ಹಾಳೆ, ನಿಮ್ಮ ಕೆಲಸ. ನಾನು ಅಡ್ಡ ಬರಲ್ಲ, ಯಾರಿಗೂ ಹೇಳೋದೂ ಇಲ್ಲ.” ಹನ್ನೆರಡೂ ಹಾಳೆಗಳನ್ನು ಸುರುಳಿ ಸುತ್ತಿ ದಾರ ಕಟ್ಟುತ್ತ ಅವರು ತಲೆಯೆತ್ತಿದರು. “ಒಂದೇ ತೊಂದರೆ. ಆ ಹುಡುಗಿ ಸರಿಯಾಗಿ ಎಣಿಸಿದ್ದಾಳೆ, ಸರಿಯಾಗಿ ಗೆರೆ ಎಳೆದಿದ್ದಾಳೆ, ಆದ್ರೂ ತಪ್ಪು ಉತ್ತರ ಬರೆದಿದ್ದಾಳೆ. ನಾಳೆ ಅವಳಿಗೆ ನಾನು ಏನು ಹೇಳ್ಲಿ? ಹೌದಮ್ಮ, ಬೀದಿಯವರಿಗೆ ಏಳು ಇಷ್ಟ ಅಂತ ಹೇಳ್ಲಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಎಂಜಿನಿಯರರ ಮೇಜಿನ ಮೇಲೆ ಹನ್ನೊಂದು ಹಾಳೆ ಹರಡಿದೆ, ಹನ್ನೆರಡನೆಯದು ಚೀಲದಲ್ಲಿತ್ತು. ಅವರು ಹಾಳೆಗಳನ್ನು ಎಣಿಸಲಿಲ್ಲ, ಡಬ್ಬಿಯ ಕಥೆಯನ್ನು ಮಾತ್ರ ಎರಡು ಸಲ ಹೇಳಿಸಿಕೊಂಡು ಕೇಳಿದರು. “ಭಲೇ! ಆ ದರ್ಜಿ ತಾತ ನಿದ್ದೆಗಣ್ಣಲ್ಲಿ ಬರ್ದಿರ್ಬೇಕು ಬಿಡು. ಹೋಗು, ಕೆಲಸ ನೋಡ್ಕೋ” ಎಂದು ನೋಟೀಸಿನ ಮೇಲೆ ‘ಮುಕ್ತಾಯ’ ಎಂದು ಬರೆದು ಸಹಿ ಹಾಕಿದರು. ಕೆಲಸ ಉಳಿದಿತ್ತು. ಬಾಗಿಲವರೆಗೂ ಹೋಗಿದ್ದೆ. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಮೊದಲ ಗಂಟೆ ಹೊಡೆದಿರುತ್ತದೆ, ಆ ಮಗು ಉತ್ತರಕ್ಕಾಗಿ ಕೈಯೆತ್ತಿ ಕುಳಿತಿರುತ್ತದೆ ಎಂಬ ಯೋಚನೆ ನನ್ನನ್ನು ಹಿಂದಕ್ಕೆ ತಿರುಗಿಸಿತು. ಹನ್ನೆರಡನೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

ಅವರು ಏಳರ ಕಂಬದ ಮೇಲೆ ಬೆರಳಿಟ್ಟರು. “ನಾನು ಮುಗಿಸಿಬಿಟ್ಟಿದ್ದೆನಲ್ಲಯ್ಯ! ಯಾಕಯ್ಯ ತೆಗೆದೆ ಇದನ್ನ?”

“ಕೆಳಗೆ ಬರೆದಿರೋದು ತಪ್ಪು ಸಾರ್” ಎಂದೆ.

ಅವರು ನನ್ನನ್ನು ಮನೆಗೆ ಕಳಿಸಲಿಲ್ಲ, ಬೀದಿಗಳನ್ನು ಕಿತ್ತುಕೊಂಡರು. ಅರವತ್ತನಾಲ್ಕು ಮನೆಗೂ ಹೋಗಿ, ಮೂರು ತಿಂಗಳ ಅಂಕಿ ಸುಳ್ಳೆಂದು ನನ್ನ ಬಾಯಿಂದಲೇ ಹೇಳಿ, ತಿದ್ದುಪಡಿಗೆ ಸಹಿ ಹಾಕಿಸಿಕೊಂಡು ಬರಬೇಕೆಂದು ಆಜ್ಞೆಯಾಯಿತು. ದರ್ಜಿ ತಾತ ಸಹಿ ಹಾಕಿ, “ಒಂದು ಚೀಟಿ ಕಳಿಸಿದ್ರೆ ನಾನೇ ಕನ್ನಡಕ ಹಾಕ್ಕೊಂಡು ಎಲ್ಲಾ ಮೀಟರೂ ಓದಿ ಹೇಳ್ತಿದ್ದೆನಲ್ಲೋ, ಪೆದ್ದ” ಎಂದರು. ಆಮೇಲೆ ನನ್ನನ್ನು ಕೆಟ್ಟ ಮೀಟರುಗಳನ್ನು ಪರೀಕ್ಷಿಸುವ ಕೊಠಡಿಗೆ ಹಾಕಿದರು. ಅಲ್ಲಿಯೇ ಇಪ್ಪತ್ತೊಂದು ವರ್ಷ ಕಳೆದಿದ್ದೇನೆ.

ಆ ವಾರವೇ ಐದನೇ ತರಗತಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆ ಹುಡುಗಿ ಬಿಡಲಿಲ್ಲ: “ಹಾಗಾದ್ರೆ ಏಳು ಯಾರಿಗೆ ಇಷ್ಟ ಮಾಮ?”

“ನನ್ನ ಹೆಂಡತಿಗೆ.”

ನಗೆ ಸೂರು ಮುಟ್ಟಿತು. ಮೇಡಂ ಸಹ ಸೆರಗನ್ನು ಬಾಯಿಗೊತ್ತಿಕೊಂಡರು. ಬಳಿಕ ಅವಳ ಕೈಗೆ ರಬ್ಬರು ಕೊಟ್ಟರು. ಅವಳು ಹಳೆಯ ಸಾಲನ್ನು ಉಜ್ಜಿ, ನನ್ನ ಮುಖವನ್ನೊಮ್ಮೆ ನೋಡಿ, ಬರೆದಳು: ಮಾಮನಿಗೆ ಕಾಲು ನೋವಿತ್ತು. ಅಷ್ಟು ದಯೆಯುಳ್ಳ ಉತ್ತರವನ್ನು ಬರೆಯುವ ಮಗುವನ್ನು ತಯಾರು ಮಾಡಿದ ಶಿಕ್ಷಕಿಗೆ ಇನ್ನು ಯಾವ ಪ್ರಶಸ್ತಿ ಬೇಕೆಂದು ನನಗೆ ಅರ್ಥವಾಗುವುದಿಲ್ಲ.

ಅಂದಿನಿಂದ ಪ್ರತಿವರ್ಷ ಸಂಭವನೀಯತೆಯ ಪಾಠದ ದಿನ ಮೇಡಂ ಅವರಿಂದ ಕರೆ ಬರುತ್ತಿತ್ತು. ಮಕ್ಕಳು ತೋಚಿದಂತೆ ಅಂಕಿ ಬರೆಯುವುದು, ಡಬ್ಬಿಯಿಂದ ಎತ್ತುವುದು, ಎರಡನ್ನೂ ಹೋಲಿಸುವುದು, ಕೊನೆಗೆ ನನ್ನ ಕಥೆ. ಮೊದಲ ವರ್ಷಗಳಲ್ಲಿ ತಲೆತಗ್ಗಿಸಿ ಹೇಳುತ್ತಿದ್ದೆ. ಈಗ ಹೆಂಡತಿಯ ದನಿಯನ್ನೂ ಅನುಕರಿಸಿ ಹೇಳುತ್ತೇನೆ. ಅದಕ್ಕೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಕಳೆದ ವಾರ ಹೊಸ ಶಿಕ್ಷಕರು ಫೋನ್ ಮಾಡಿ, “ಮೇಡಂ ಇರಲ್ಲ, ಆದ್ರೂ ಬರ್ತೀರಾ?” ಎಂದು ಕೇಳಿದರು. ಬರುತ್ತೇನೆ ಎಂದಿದ್ದೇನೆ.

ಇಂಥ ಬರಹದ ಕೊನೆಯಲ್ಲಿ ಇಂತಿಷ್ಟು ವರ್ಷ ಬಾಳಲಿ ಎಂದು ಒಂದು ದೊಡ್ಡ ಅಂಕಿಯನ್ನು ಬರೆಯುವುದು ವಾಡಿಕೆ. ಮನಸ್ಸಿಗೆ ತೋಚಿದ ಅಂಕಿ ಬರೆಯುವ ಅಭ್ಯಾಸವನ್ನು ಈ ಪೂಜ್ಯರೇ ನನಗೆ ಬಿಡಿಸಿದ್ದಾರೆ. ಆದ್ದರಿಂದ ಆ ಜಾಗವನ್ನು ಖಾಲಿ ಬಿಡುತ್ತೇನೆ. ಮೇಡಂ ಅವರು ಆರೋಗ್ಯದಿಂದ, ಉಲ್ಲಾಸದಿಂದ, ಅಕ್ಕಪಕ್ಕದ ಮಕ್ಕಳಿಗೆಲ್ಲ ಪಾಠ ಹೇಳುತ್ತ, ವರ್ಷ ವರ್ಷವೂ ತಾವೇ ಎಣಿಸಿ, ತಮ್ಮ ಕೈಯಿಂದಲೇ ಅದನ್ನು ತುಂಬುತ್ತ ಹೋಗಲಿ.