ಹಿಡಿಕೆ ಇರುವ ಲ್ಯಾಪ್‌ಟಾಪ್

ಜಗತ್ತೆಲ್ಲ ತೆಳ್ಳಗಿನ ಲ್ಯಾಪ್‌ಟಾಪಿನ ಹಿಂದೆ ಬಿದ್ದಿರುವಾಗ ನನಗೆ ಮಾತ್ರ ದಪ್ಪನೆಯದರ ಮೇಲೆ ಮೋಹ. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸಂಕೋಚಪಡಬೇಕಾದವರು ನನ್ನ ಮನೆಯವರು. ಅವರೂ ಈಚೆಗೆ ಬಿಟ್ಟುಬಿಟ್ಟಿದ್ದಾರೆ. ಪೊಲೀಸ್ ಜೀಪಿನಲ್ಲೋ ಎಣ್ಣೆ ಬಾವಿಯ ಪಕ್ಕದಲ್ಲೋ ಮರುಭೂಮಿಯ ಸರ್ವೆಯಲ್ಲೋ ದುಡಿದು ಸುಸ್ತಾಗಿ, ಕೊನೆಗೆ ಹರಾಜಿಗೆ ಬಿದ್ದು ನಮ್ಮಂಥವರ ಕೈಗೆ ಬರುವ ಗಟ್ಟಿಮುಟ್ಟು ಲ್ಯಾಪ್‌ಟಾಪುಗಳಿವೆ ನೋಡಿ, ಅವು. ಮೈಯೆಲ್ಲ ಲೋಹ, ಮೂಲೆಗಳಿಗೆ ರಬ್ಬರು, ತೂತುಗಳಿಗೆಲ್ಲ ಮುಚ್ಚಳ, ಎತ್ತಿಕೊಂಡು ಹೋಗಲು ಟ್ರಂಕಿಗಿರುವಂಥ ಹಿಡಿಕೆ. ಮೊದಲನೆಯದು ಬಂದ ದಿನ ನಮ್ಮತ್ತೆ ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, "ಏನಬೇ ಇದು? ಕಳ್ಳ ಬಂದ್ರ ಎತ್ತಿ ಒಗಿಯಾಕ ತಂದೀಯೇನು?" ಎಂದು ಕೇಳಿದ್ದರು. ಆ ಉಪಯೋಗ ನನಗೆ ಹೊಳೆದಿರಲಿಲ್ಲ.

ನಾನು ಗಡಿಯಾಚೆ ಆಂಧ್ರದ ಹೊಳಗುಂದದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರಮ್ಮ. ಮನೆ ಆದವಾನಿಯಲ್ಲಿ. ಬೇರೆ ಹೆಂಗಸರು ಸೀರೆಯ ಪಾರ್ಸೆಲ್ಲಿಗೆ ಕಾದು ಕೂರುವಂತೆ ನಾನು ಹಳೆಯ ಲ್ಯಾಪ್‌ಟಾಪಿಗೆ ಕಾದು ಕೂರುತ್ತೇನೆ. ಬಿಚ್ಚುವಾಗಿನ ಸಂಭ್ರಮವನ್ನು ಏನೆಂದು ಹೇಳಲಿ! ಬೆನ್ನ ಮೇಲೆ ಅರ್ಧ ಕಿತ್ತ ಸ್ಟಿಕ್ಕರು, ಹೆಬ್ಬೆರಳಿನಿಂದ ಸವೆದು ನುಣುಪಾದ ಸ್ಪೇಸ್ ಬಾರ್. ಒಮ್ಮೆ ಕೀಲಿಮಣೆಯ ಸಂದಿಯಿಂದ ಕೆಂಪು ಮರಳು ಉದುರಿತು. ನಮ್ಮ ಕಡೆಯದು ಎರೆಮಣ್ಣು, ಕಪ್ಪು. ಹಾಗಾಗಿ ಅದು ನಮ್ಮ ಪಕ್ಕದ ಆಲೂರು ದಾಟಿ ಬಂದದ್ದಂತೂ ಖಂಡಿತ. ಯಾವ ದೇಶದ ಮರಳೋ ಎಂದು ಅದನ್ನು ಕಾಗದದಲ್ಲಿ ಕಟ್ಟಿಟ್ಟೆ. ನಮ್ಮೆಜಮಾನರು ಕಡಲೆಹಿಟ್ಟಿರಬೇಕೆಂದು ಬಿಚ್ಚಿ ಮೂಸಿ ನೋಡಿದರು.

ಇವುಗಳ ಮೇಲೆ ಇಷ್ಟೊಂದು ಪ್ರೀತಿ ಏಕೆ ಎಂದರೆ, ನಮ್ಮೂರಿನ ಹತ್ತಿಯನ್ನೂ ಸ್ವಲ್ಪ ದೂರಬೇಕು. ಆದವಾನಿಯಲ್ಲಿ ಸುಗ್ಗಿ ಬಂತೆಂದರೆ ಗಾಳಿಯಲ್ಲೇ ಹತ್ತಿ. ಜಿನ್ನಿಂಗ್ ಮಿಲ್ಲಿನ ಬೀದಿಯಲ್ಲಿ ನಡೆದರೆ ಹುಬ್ಬು ನರೆಯುತ್ತದೆ. ಮಾಮೂಲಿ ಲ್ಯಾಪ್‌ಟಾಪಿನೊಳಗೆ ಒಂದು ಪುಟ್ಟ ಫ್ಯಾನು ಇರುತ್ತದಲ್ಲ, ಅದು ಗಾಳಿಯ ಜೊತೆ ಈ ನಾರನ್ನೂ ಎಳೆದುಕೊಂಡು, ಹೊಟ್ಟೆಯೊಳಗೆ ಹಾಸಿಗೆ ಮಾಡಿಕೊಂಡು, ಬಿಸಿಯಾಗಿ ಸಾಯುತ್ತದೆ. ನನ್ನ ಗಟ್ಟಿಗರಿಗೆ ಫ್ಯಾನೇ ಇಲ್ಲ. ಮೈಯ ಲೋಹವೇ ಬಿಸಿಯನ್ನು ಹೊರಗೆ ಬಿಡುತ್ತದೆ. ತರಗತಿಯಲ್ಲಿ ಉಷ್ಣವಹನದ ಪಾಠ ಬಂದಾಗಲೆಲ್ಲ ನಾನು ತುಸು ಹೆಚ್ಚೇ ಹೊತ್ತು ಮಾತಾಡುವುದು ಇದೇ ಕಾರಣಕ್ಕೆ.

ಆದರೆ ಈ ಯಂತ್ರಗಳಿಗೂ ವಯಸ್ಸಾಗಿರುತ್ತದೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಏದುಸಿರು ಬಿಡುತ್ತವೆ. ಅವುಗಳ ಕಾಲದ್ದೇ ಹಾಕಿದರೆ ಓಡುತ್ತವೆ. ಹಳೆಯ ಸಿಸ್ಟಮ್ ಹಾಕುವುದೆಂದರೆ ಬೀಗರ ಮನೆಯ ಹಿರಿಯರನ್ನು ಊಟಕ್ಕೆ ಎಬ್ಬಿಸಿದ ಹಾಗೆ. ಡಿಸ್ಕು ಕಣ್ಣೆದುರಿಗೇ ಇರುತ್ತದೆ. ಸಿಸ್ಟಮ್ ಮಾತ್ರ "ಇಲ್ಲಿ ಡಿಸ್ಕೇ ಇಲ್ಲ" ಎಂದು ಕೂತುಬಿಡುತ್ತದೆ. ಆಗ ಒಳಗಿನ ಸೆಟ್ಟಿಂಗಿಗೆ ಹೋಗಿ, ಡಿಸ್ಕು ಹಳೆಯ ರೀತಿಯಲ್ಲೇ ಮಾತಾಡಲಿ ಎಂದು ಒಂದು ಕಡೆ ಬದಲಿಸಬೇಕು. ತಕ್ಷಣ ಎಲ್ಲವೂ ಕಾಣತೊಡಗುತ್ತದೆ. ಆ ಗಳಿಗೆಯಲ್ಲಿ ನಾನು ಕುರ್ಚಿಯಿಂದ ಎದ್ದು ಅಡುಗೆಮನೆಗೆ ಓಡಿ ಯಾರಾದರೊಬ್ಬರಿಗೆ ಹೇಳಿಯೇ ತೀರಬೇಕು. ಅತ್ತೆ ರೊಟ್ಟಿ ಬಡಿಯುತ್ತಲೇ "ಹೂಂ" ಎನ್ನುತ್ತಾರೆ. ಒಂದೇ ಷರತ್ತು, ಇಂಥ ಹಳೆಯದಕ್ಕೆ ಇಂಟರ್‌ನೆಟ್ ತೋರಿಸಬಾರದು. ಇಂದಿನ ಕಳ್ಳಕಾಕರ ಪರಿಚಯ ಅದಕ್ಕಿಲ್ಲ.

ಇಂಥ ಹುಚ್ಚಿನಿಂದ ಯಾರಿಗಾದರೂ ಉಪಕಾರವಾದೀತೆಂದು ನಾನು ಎಣಿಸಿರಲಿಲ್ಲ, ಹುಲಿಗೆಮ್ಮ ಸಿಗುವವರೆಗೆ. ಹುಲಿಗೆಮ್ಮ ಹೊಳಗುಂದದಲ್ಲಿ ನನ್ನ ಬ್ಲೌಸು ಹೊಲಿಯುವಾಕೆ. ಗಂಡ ಕುರಿ ಮೇಯಿಸಿಕೊಂಡು ಊರೂರು ತಿರುಗುತ್ತಾನೆ. ಈಕೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಸೂತಿ ಯಂತ್ರ ಇಟ್ಟುಕೊಂಡಿದ್ದಾಳೆ. ಮದುವೆ ಹೆಣ್ಣಿನ ತೋಳಿನ ಮೇಲೆ ನವಿಲು, ಬೆನ್ನಿಗೆ ಕಮಲ. ನಮ್ಮಲ್ಲಿ ಇದನ್ನು ಕಂಪ್ಯೂಟರ್ ವರ್ಕ್ ಎನ್ನುತ್ತಾರೆ. ನವಿಲು ಇರುವುದು ಕಂಪ್ಯೂಟರಿನಲ್ಲಿ, ಸೂಜಿ ಇರುವುದು ಯಂತ್ರದಲ್ಲಿ, ನಡುವೆ ದಪ್ಪ ಕೇಬಲ್ಲು. ಆ ಕಂಪ್ಯೂಟರು ಒಂದು ದಿನ ಹೊಗೆ ಬಿಟ್ಟು ಸುಮ್ಮನಾಯಿತು. ಬಿಚ್ಚಿ ನೋಡಿದೆ, ಒಳಗೆ ಹತ್ತಿ, ದಾರದ ಚೂರು, ಒಂದಿಷ್ಟು ಕುರಿಯ ಉಣ್ಣೆ. ನವಿಲು ಕಳಿಸುವ ಪ್ರೋಗ್ರಾಮು ಹಳೆಯ ಸಿಸ್ಟಮ್ಮಿನಲ್ಲಿ ಮಾತ್ರ ಏಳುತ್ತದೆ. ಆ ಕೇಬಲ್ಲಿಗೆ ಬೇಕಾದ ತೂತು ಈಗಿನ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಯಂತ್ರವನ್ನೇ ಮಾರಿಬಿಡು ಎಂದು ಎಲ್ಲರೂ ಹೇಳಿದರಂತೆ. ಸೋಮವಾರ ಮಧ್ಯಾಹ್ನ ಆದವಾನಿಯಿಂದ ಗಿರಾಕಿಯೊಬ್ಬ ನೋಡಲು ಬರುವವನಿದ್ದ. ಮಾರಿದರೆ ಆಕೆ ಮತ್ತೆ ಬೇರೆಯವರ ಅಂಗಡಿಯಲ್ಲಿ ಗುಂಡಿ ಹಚ್ಚಲು ಹೋಗಬೇಕು. ಅದನ್ನು ಹೇಳುವಾಗ ಹುಲಿಗೆಮ್ಮ ಯಂತ್ರದ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡಿದಳು.

ನನಗೋ ಮೈಯೆಲ್ಲ ಪುಳಕ! ಆ ತೂತು ನನ್ನ ಗಟ್ಟಿಗನಲ್ಲಿ ಇದೆ, ಮುಚ್ಚಳ ಸಮೇತ ಇದೆ. ಎರಡು ಸಂಜೆ ಕೂತು ಹಳೆಯ ಸಿಸ್ಟಮ್ ಹಾಕಿದೆ, ಸತ್ತ ಕಂಪ್ಯೂಟರಿನ ಡಿಸ್ಕಿನಿಂದ ನವಿಲು, ಗಿಳಿ, ಕಮಲಗಳನ್ನೆಲ್ಲ ಜೋಪಾನವಾಗಿ ಎಬ್ಬಿಸಿ ತಂದೆ. ಶನಿವಾರ ಶಾಲೆ ಬಿಟ್ಟ ಮೇಲೆ ಆಕೆಯ ಕೈಗೆ ಕೊಟ್ಟು, ನನ್ನ ಮಾಮೂಲಿ ಭಾಷಣ ಮಾಡಿದೆ: ಕೈಜಾರಿದರೆ ಒಡೆಯುವುದಿಲ್ಲ, ಧೂಳು ಹೋಗುವುದಿಲ್ಲ, ನೀರು ಬಿದ್ದರೂ ಏನೂ ಆಗುವುದಿಲ್ಲ. ಮುಚ್ಚಳಗಳನ್ನು ಒತ್ತಿ ಹಾಕುವುದನ್ನೂ ತೋರಿಸಿದೆ. ಅಷ್ಟರಲ್ಲಿ ಕೇಬಲ್ಲಿನ ಒಂದು ಪಿನ್ನು ಬಗ್ಗಿದ್ದು ಕಂಡಿತು. ಸರಿಮಾಡಿ ಸೋಮವಾರ ಬೆಳಿಗ್ಗೆ ತರುತ್ತೇನೆ, ಅಲ್ಲಿಯವರೆಗೆ ಕೀಲಿಗಳ ಮೇಲೆ ಕೈ ರೂಢಿಸಿಕೋ ಎಂದು ಹೇಳಿ ಬಸ್ಸು ಹಿಡಿದೆ.

ಸೋಮವಾರ ಬೆಳಿಗ್ಗೆ ಶಾಲೆಗೆ ಅರ್ಧ ದಿನದ ರಜೆ ಹಾಕಿ, ಕೇಬಲ್ಲು ಹಿಡಿದು ಆಕೆಯ ಅಂಗಳಕ್ಕೆ ಕಾಲಿಟ್ಟೆ. ಬಚ್ಚಲ ಕಲ್ಲಿನ ಮೇಲೆ ಬೆಳಗಿದ ಪಾತ್ರೆಗಳು ಬಿಸಿಲಿಗೆ ಬೋರಲಾಗಿದ್ದವು. ಒಂದು ಕೊಡ, ಎರಡು ಚರಿಗೆ, ಒಂದು ಪರಾತ, ಅವುಗಳ ನಡುವೆ ನನ್ನ ಲ್ಯಾಪ್‌ಟಾಪು. ಅದೂ ಬೋರಲಾಗಿ. ಹಿಡಿಕೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಹುಣಸೆಹಣ್ಣಿನ ಹಿಪ್ಪೆ.

ಹುಲಿಗೆಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. "ಬ್ಯಾರೇರು ಬಳಸಿದ್ದೈತಲ್ರಿ ಮೇಡಂ. ಮದಿವಿ ಕೆಲಸ ಇದರಾಗ ಮಾಡಬೇಕಲ್ಲ, ಅದಕ್ಕ ಚಲೋತ್ನಾಗ ತೊಳದೀನಿ," ಎಂದಳು. ಸಂತೆಯಲ್ಲಿ ಹಳೆಯ ತಾಮ್ರದ ಕೊಡ ಕೊಂಡರೆ ಹೀಗೇ ತಾನೆ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಪರರ ಕೈಯ ಋಣ ಹರಿದು, ಆಮೇಲೆ ಒಳಗೆ ತೆಗೆದುಕೊಳ್ಳುವುದು. ಯಾವ್ಯಾವುದೋ ದೇಶ ಕಂಡಿದ್ದ ಲೋಹ ಫಳಫಳ ಹೊಳೆಯುತ್ತಿತ್ತು. ಅರ್ಧ ಉಳಿದಿದ್ದ ಸ್ಟಿಕ್ಕರೂ ಹೋಗಿತ್ತು.

ನೀರಿಗೆ ಅಂಜುವುದಿಲ್ಲ ಎಂಬುದು ತಯಾರಿಸಿದವರ ಮಾತು, ಅದೂ ಹೊಸದಿದ್ದಾಗಿನ ಮಾತು. ರಬ್ಬರಿಗೂ ಮುಪ್ಪು ಬರುತ್ತದೆ ಎಂದು ವಿಜ್ಞಾನದ ಮೇಷ್ಟ್ರಮ್ಮನಿಗೆ ಗೊತ್ತಿರಬೇಡವೇ? ಬಟ್ಟೆಯಿಂದ ಒರೆಸಿದೆ. ಬಿಸಿಲಿಗೆ ಇಟ್ಟೆ. ಎರಡು ಸಲ ಚಹಾ ಬಂತು, ಎರಡೂ ಸಲ ಕುಡಿದದ್ದು ನೆನಪಿಲ್ಲ. ಕೊನೆಗೆ ಒಳಗೆ ತಂದು, ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ಬೆರಳಿಟ್ಟು ನೋಡಿದೆ. ಒಣಗಿದ್ದವು. ಆದರೂ ಗುಂಡಿ ಒತ್ತಲು ಧೈರ್ಯ ಬರಲಿಲ್ಲ. ಹೊರಗೆ ಆಟೋ ನಿಂತ ಸದ್ದಾಯಿತು, ಗಿರಾಕಿ ಬೇಗನೇ ಬಂದಿದ್ದ. ನಾನು ಒಣಗಿದ ಮುಚ್ಚಳಗಳನ್ನೇ ಮತ್ತೆ ಒರೆಸುತ್ತ ಕೂತದ್ದನ್ನು ನೋಡಿ ಹುಲಿಗೆಮ್ಮ ತಾನೇ ಗುಂಡಿ ಒತ್ತಿದಳು.

ಪರದೆ ಒಂದು ಕ್ಷಣ ಕಪ್ಪಗೇ ಇತ್ತು. ಆಮೇಲೆ ಹಳೆಯ ಸಿಸ್ಟಮ್ ಏಳುವಾಗ ಹಾಡುವ ಆ ಚಿಕ್ಕ ರಾಗ ಕೋಣೆಯಲ್ಲಿ ಕೇಳಿಸಿತು. ನಾನು ಕಿರುಚಿದೆನಂತೆ, ಗಿರಾಕಿ ಹೊಸ್ತಿಲಲ್ಲೇ ನಿಂತುಬಿಟ್ಟನಂತೆ. ಕೇಬಲ್ಲು ಸಿಕ್ಕಿಸಿದೆವು. ಸೂಜಿ ಒಮ್ಮೆ ತಡವರಿಸಿ, ಮರುಕ್ಷಣವೇ ಟಕಟಕನೆ ಹೊರಟಿತು. ಹಸಿರು ಬಟ್ಟೆಯ ಮೇಲೆ ಮೊದಲು ನವಿಲಿನ ಕಾಲು ಬಂತು, ಆಮೇಲೆ ಕೊರಳು. ಗಿರಾಕಿ ಸ್ವಲ್ಪ ಹೊತ್ತು ನೋಡಿ, ಯಂತ್ರ ಮಾರಾಟಕ್ಕಿಲ್ಲ ಎಂಬುದನ್ನು ಯಾರೂ ಹೇಳದೆಯೇ ತಿಳಿದುಕೊಂಡು, ನೀರು ಕುಡಿದು ಹೋದ. ಹುಲಿಗೆಮ್ಮನ ಕಣ್ಣು ಸೂಜಿಯ ಮೇಲಿಂದ ಕದಲಲಿಲ್ಲ. ತುಂಬಿಕೊಂಡಿದ್ದವು, ಆದರೂ ಕದಲಲಿಲ್ಲ.

ಅಷ್ಟಾದ ಮೇಲೆ ನಾನು ಮೆಲ್ಲಗೆ, ನೀರು ಹಾಕಲು ನಿನಗೆ ಭಯವಾಗಲಿಲ್ಲವೇ ಎಂದು ಕೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಯಾಕ್ರಿ ಭಯ? ಏನೂ ಆಗಂಗಿಲ್ಲಂತ ನೀವ ಹೇಳಿದ್ರಲ್ರಿ."

ನಾನು ಆ ಮಾತನ್ನು ಇಷ್ಟು ವರ್ಷ ಅತ್ತೆಗೆ, ಯಜಮಾನರಿಗೆ, ಸಹೋದ್ಯೋಗಿಗಳಿಗೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸಿದ್ದಾರೆ, ಯಾರೂ ನಂಬಿರಲಿಲ್ಲ. ಆ ಯಾರೂ ಎಂಬುದರಲ್ಲಿ ನಾನೂ ಇದ್ದೆ ಎಂದು ತಿಳಿದದ್ದು ಮಾತ್ರ ಹುಲಿಗೆಮ್ಮನ ಬಚ್ಚಲ ಕಲ್ಲಿನ ಮುಂದೆ.