ಕಲ್ಲು ಎತ್ತುವ ದಿಕ್ಕು

ಹುಡುಗಿಗೆ ಚೇಳು ಕಡಿದದ್ದು ಟೀಚರ ಬೇಜವಾಬ್ದಾರಿಯಿಂದ ಎಂದು ಶಾಲೆಯವರು ಹೇಳುತ್ತಾರೆ. ಪಾಲಕರ ವಾಟ್ಸ್ಯಾಪ್ ಗುಂಪಿನಲ್ಲಿ ಕತೆ ಇನ್ನೂ ಬೆಳೆದಿದೆ: ಟೀಚರು ಮಕ್ಕಳ ಕೈಗೇ ಚೇಳು ಕೊಡುತ್ತಿದ್ದರಂತೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೆಂದರೆ, ಹೇಳುವವರು ಅಲ್ಲಿದ್ದರೇ ಎಂದು ಕೇಳುವುದು. ಆ ಗುಂಪಿನವರು ಯಾರೂ ಅಲ್ಲಿರಲಿಲ್ಲ. ನಾನಿದ್ದೆ.

ಟೀಚರು ಧಾರವಾಡದವರು, ಪುಣೆಯಲ್ಲೇ ತಲೆ ನರೆತವರು. ಯೆರವಡಾದ ಆ ಶಾಲೆಯ ಮಕ್ಕಳನ್ನು ಪ್ರತಿ ಭಾನುವಾರ ಊರ ನಡುವಿನ ಗುಡ್ಡದ ಕಾಡಿಗೆ ಕರೆದೊಯ್ಯುತ್ತಿದ್ದರು. ನಾನು ಮೈಸೂರಿನಿಂದ ಐಟಿ ಕೆಲಸಕ್ಕೆ ಬಂದವಳು, ಭಾನುವಾರ ಅವರ ಸಹಾಯಕಿ. ಮೊದಲ ದಿನವೇ ಜಗಳ ತೆಗೆದೆ.

“ಇವರ ಗಲ್ಲೀಲಿ ನೀರೇ ಸರಿಯಾಗಿ ಬರಲ್ಲ ಮೇಡಂ. ಎಲೆ ತೋರಿಸಿ ಏನು ಪ್ರಯೋಜನ?”

“ನೀರು ಬರೂತನಾ ಎಲಿ ನೋಡಬಾರದೇನು? ಭಾಳ ವಾದಾ ಮಾಡ್ತಿ ನೋಡವಾ ನೀ. ಮೊದಲ ಈ ಚೀಲಾ ಹಿಡಿ.”

ಅವರ ತರಗತಿಯಲ್ಲಿ ಒಂದು ನಿಯಮ ಮಾತ್ರ ಮುರಿಯುವಂತಿರಲಿಲ್ಲ. ಕಲ್ಲು ಎತ್ತುವಾಗ ಆಚೆಯ ಅಂಚಿಗೆ ಕೋಲು ಕೊಟ್ಟು ತಮ್ಮ ಕಡೆಗೆ ಮೀಟಬೇಕು. ಆಗ ಕಲ್ಲು ನಮಗೂ ಅಡಿಯಲ್ಲಿರುವ ಜೀವಕ್ಕೂ ನಡುವೆ ಗೋಡೆಯಾಗಿ ನಿಲ್ಲುತ್ತದೆ. ಜೀವ ಆಚೆಗೆ ಓಡಿಹೋಗುತ್ತದೆ. ನೋಡಿ ಮುಗಿದ ಮೇಲೆ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು, ಅದು ಇನ್ನೊಬ್ಬರ ಮನೆಯ ಚಾವಣಿ.

ನಾಲ್ಕನೆಯ ತರಗತಿಯ ಒಬ್ಬ ಹುಡುಗಿಗೆ ಇದು ಕರಗತವಾಗಿತ್ತು. ಶಾಲೆಯಲ್ಲಿ ಬಾಯಿ ಬಿಡದವಳು ಗುಡ್ಡದ ಮೇಲೆ ನನ್ನನ್ನೇ ಗದರುತ್ತಿದ್ದಳು: “ತಾಈ, ತಿಕಡೇ ನಕೋ!” ಆ ಕಡೆ ಬೇಡ ಅಕ್ಕಾ, ಇತ್ತ ನಿಲ್ಲು. ಅವಳ ಪಾಲಿಗೆ ವಾರದಲ್ಲಿ ಇದ್ದದ್ದೇ ಭಾನುವಾರ.

ಆ ಭಾನುವಾರ ಶಾಲೆಯ ಟ್ರಸ್ಟಿಯೊಬ್ಬರು ಬಂದರು, ಜೊತೆಗೆ ಕ್ಯಾಂಪ್ ಬಡಾವಣೆಯ ಸ್ಟುಡಿಯೋದಿಂದ ಒಬ್ಬ ಫೋಟೋಗ್ರಾಫರ್. ಶಾಲೆಯ ಹೊಸ ಪುಸ್ತಿಕೆಗೆ ಚಿತ್ರ ಬೇಕಿತ್ತು. ಟೀಚರು ಕೆಳಗಡೆ ಉಳಿದ ಮಕ್ಕಳಿಗೆ ಅತ್ತಿಮರದ ತೊಗಟೆ ತೋರಿಸುತ್ತಿದ್ದರು. ಮೇಲೆ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹುಡುಗಿ ಕಲ್ಲು ಮೀಟಿದಳು. ಅಡಿಯಲ್ಲಿ ಕೆಂಪು ಚೇಳು.

“ಕಲ್ಲು ಅಡ್ಡ ಬರ್ತಿದೆ ಸರ್,” ಎಂದ ಫೋಟೋಗ್ರಾಫರ್ ಹಿಂದಿಯಲ್ಲಿ. “ಹುಡುಗಿ ಒಂದು ಕಡೆ, ಚೇಳು ಒಂದು ಕಡೆ.”

“ಕೋಲು ಬಿಡು ಬೇಟಾ,” ಎಂದರು ಟ್ರಸ್ಟಿ. “ಕೈಯಿಂದ ಎತ್ತಿ ಆಚೆಗೆ ತಳ್ಳು. ಶಾಬ್ಬಾಸ್!”

ಅವಳು ನನ್ನ ಮುಖ ನೋಡಿದಳು. “ಬೇಡ!” ಎಂದು ಕೂಗಿ ಓಡಿದೆ. “ಒನ್ ಮಿನಿಟ್ ಮ್ಯಾಡಮ್, ಫ್ರೇಮ್‌ನಲ್ಲಿ ಬರಬೇಡಿ,” ಎಂದು ಟ್ರಸ್ಟಿ ಕೈ ಅಡ್ಡ ಹಿಡಿದರು. ಆ ಕೈ ಕೆಳಗಿಳಿಯುವ ಮೊದಲೇ ಹುಡುಗಿ ಕಿರುಚಿದಳು.

ಅವಳು ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಳು. ಭಾನುವಾರಗಳು ಮಾತ್ರ ಬರಲಿಲ್ಲ. ಶಾಲೆಯ ಸಭೆಯಲ್ಲಿ ಟ್ರಸ್ಟಿ ಸುರಕ್ಷತೆಯ ಬಗ್ಗೆ ಗದ್ಗದಿತರಾಗಿ ಮಾತಾಡಿದರು. ನಾನು ಎದ್ದು ನಿಲ್ಲುವಷ್ಟರಲ್ಲಿ ಟೀಚರು ಎದ್ದು, ತಪ್ಪು ನನ್ನದೇ, ನಾನು ಅಲ್ಲೇ ಇರಬೇಕಿತ್ತು ಎಂದು ಮರಾಠಿಯಲ್ಲಿ ಹೇಳಿ ಕುಳಿತರು. ತರಗತಿ ರದ್ದಾಯಿತು.

ಹೊರಗೆ ಮೆಟ್ಟಿಲ ಮೇಲೆ ಅವರನ್ನು ಹಿಡಿದೆ. “ಯಾಕ್ ಸುಳ್ಳು ಹೇಳಿದ್ರಿ?”

“ಖರೇ ಹೇಳಿದ್ರ ಆಕಿನ್ನ ಕರಸ್ತಾರ. ಎಲ್ಲಾರ ಮುಂದ ನಿಂದ್ರಿಸಿ, ಹೇಳು ಅಂತಾರ. ಆಕೀ ಫೀ ಮಾಫಿ ಯಾರ ಕೈಯಾಗದ, ನೀನ ಹೇಳು?”

ಈ ವಾದಕ್ಕೆ ನನ್ನ ಒಪ್ಪಿಗೆ ಇರಲಿಲ್ಲ. ಮಗುವಿನ ಫೀ ಮಾಫಿಯನ್ನು ಅಡವಿಟ್ಟುಕೊಂಡು ಗಳಿಸಿದ ಮೌನಕ್ಕೆ ಊರೆಲ್ಲ ಶಿಸ್ತುಕ್ರಮ ಎಂದು ಹೆಸರಿಟ್ಟಿತು.

ಕಳೆದ ವಾರ ಪುಸ್ತಿಕೆ ಬಂತು. ಮುಖಪುಟದಲ್ಲಿ ಅವಳೇ. ‘ನಿಸರ್ಗದ ಮಡಿಲಲ್ಲಿ ನಮ್ಮ ಮಕ್ಕಳು’ ಎಂದು ಮರಾಠಿಯಲ್ಲಿ ಅಚ್ಚಾಗಿದೆ. ಚೇಳಿದ್ದ ಮೂಲೆಯನ್ನು ಕತ್ತರಿಸಿದ್ದಾರೆ, ಕಲ್ಲನ್ನು ಕತ್ತರಿಸಲು ಆಗಿಲ್ಲ. ಚಿತ್ರವೇ ಹೇಳುವಾಗ ಇನ್ನು ಹುಡುಗಿಯ ಸಾಕ್ಷಿ ಯಾರಿಗೆ ಬೇಕು? ಪುಸ್ತಿಕೆಯನ್ನು ಟ್ರಸ್ಟಿಯ ಮೇಜಿನ ಮೇಲಿಟ್ಟೆ.

“ಒಳ್ಳೆ ಫೋಟೋ, ಅಲ್ವಾ?” ಎಂದರು.

“ಕೋಲಿಲ್ಲ, ಬರಿಗೈ. ಕಲ್ಲು ಆಚೆಗೆ ವಾಲಿದೆ. ಟೀಚರ ಹತ್ತಿರ ಕಲಿತ ಯಾವ ಮಗುವೂ ಹೀಗೆ ಎತ್ತಲ್ಲ ಸರ್. ಇವಳಿಗೆ ಹೀಗೆ ಎತ್ತು ಅಂತ ಹೇಳಿದ್ದು ಯಾರು?”